ಹಸುವಿನ ಲೆಕ್ಕದಲ್ಲಿ ಕುರಿಯ ಮೇವನ್ನು ಅಳೆಯಬೇಡಿ: ಜಿಲ್ಲಾ ಪಂಚಾಯಿತಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯಿತಿ
ಹಾಗೂ
ಜಿಲ್ಲೆಯಲ್ಲಿ ಮೇವಿನ ಬೀಜ ವಿತರಣೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳು

ವಿಷಯ: ಮಳೆಯಾಶ್ರಿತ ಹಳ್ಳಿಗಳ ಕುರಿ ಸಾಕಣೆದಾರರಿಗೆ ಹೊಂದುವ ಮೇವಿನ ಬೀಜವನ್ನು ಮುಂಗಾರಿಗೆ ಮೊದಲೇ ಕೊಡುವುದು ಮತ್ತು ಗೋಮಾಳದಲ್ಲಿ ಮೇವು ಬೆಳೆಯಲು ಅವಕಾಶ ಮಾಡಿಕೊಡುವುದು.

ಮಾನ್ಯರೇ,

ನಮಸ್ಕಾರಗಳು. ನಾನು ಬಯಲುಸೀಮೆಯ ಒಂದು ಹಟ್ಟಿಯಲ್ಲಿ ಕುರಿ ಸಾಕುವ ಹೆಣ್ಣುಮಗಳು. ನಮ್ಮ ರೊಪ್ಪದಲ್ಲಿ ಇಂದು ನಲವತ್ತೆಂಟು ತಾಯಿಕುರಿಗಳು, ಎರಡು ಟಗರುಗಳು ಮತ್ತು ಸಂಕ್ರಾಂತಿಯ ಆಸುಪಾಸಿನಲ್ಲಿ ಹುಟ್ಟಿದ ಮರಿಗಳಿವೆ. ಮಾವನವರಿಂದ ಬಂದ ನಾಲ್ಕು ಎಕರೆ ಹತ್ತು ಗುಂಟೆ ಕೆಂಪು ನೆಲವಿದೆ. ಅದರ ಒಂದು ಮೂಲೆಯಲ್ಲಿ ಒಂದೂವರೆ ಇಂಚು ನೀರು ಕೊಡುವ ಕೊಳವೆಬಾವಿ. ಉಳಿದದ್ದೆಲ್ಲ ಮಳೆಯನ್ನೇ ನಂಬಿದ ಹೊಲ. ದೀಪಾವಳಿ ಕಳೆದ ಮೇಲೆ ಯಜಮಾನರು ಹಟ್ಟಿಯ ಇತರ ಗಂಡಸರೊಂದಿಗೆ ಮಂದೆ ಹೊಡೆದುಕೊಂಡು ಭತ್ತದ ಸೀಮೆಗೆ ಹೋಗುತ್ತಾರೆ. ಕೊಯ್ಲಾದ ಗದ್ದೆಗಳಲ್ಲಿ ಕುರಿ ನಿಲ್ಲಿಸಿ, ಬೇಸಿಗೆ ಮುಗಿಯುವ ಹೊತ್ತಿಗೆ ಹಿಂದಿರುಗುತ್ತಾರೆ. ಗಬ್ಬದ ಕುರಿಗಳು, ಈದ ಕುರಿಗಳು, ಎಳೆಯ ಮರಿಗಳು ದೂರ ನಡೆಯಲಾರವು. ಅವು ಮನೆಯಲ್ಲಿ ನಮ್ಮ ಪಾಲಿಗೆ, ಅಂದರೆ ಹೆಂಗಸರ ಪಾಲಿಗೆ, ಉಳಿಯುತ್ತವೆ. ಆ ನಾಲ್ಕೈದು ತಿಂಗಳು ಅವುಗಳ ಹೊಟ್ಟೆ ತುಂಬಿಸುವವರು ನಾವು. ಈ ಪತ್ರ ಬರೆಯುವ ಅಧಿಕಾರ ನನಗೆ ಬಂದಿರುವುದು ಆ ಕೆಲಸದಿಂದ.

ಊರಿನ ಹೆಸರನ್ನೂ ತಾಲ್ಲೂಕಿನ ಹೆಸರನ್ನೂ ಇಲ್ಲಿ ಬರೆದಿಲ್ಲ. ಯಾವೊಬ್ಬ ನೌಕರರನ್ನೂ ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ನಾನು ಹೇಳುವ ತೊಂದರೆ ಒಂದು ಕಚೇರಿಯದಲ್ಲ, ಯೋಚನೆಯ ಕ್ರಮದ್ದು. ಅಕ್ಕಪಕ್ಕದ ತಾಲ್ಲೂಕುಗಳಿಗೆ ಮದುವೆಯಾಗಿ ಹೋದ ನಮ್ಮ ಹಟ್ಟಿಯ ಹೆಣ್ಣುಮಕ್ಕಳೂ ಇದೇ ಮಾತು ಹೇಳುತ್ತಾರೆ.

2024ರ ಸೆಪ್ಟೆಂಬರ್ ಮೂರನೇ ವಾರದಲ್ಲಿ, ಉತ್ತರೆ ಮಳೆಯ ಹೊತ್ತಿಗೆ, ಮೇವಿನ ಬೀಜದ ಕಿಟ್ ಬಂದಿದೆ ಎಂದು ಫೋನ್ ಬಂತು. ನಾನೂ ಇನ್ನಿಬ್ಬರೂ ಬಸ್ಸು ಹತ್ತಿ ಹೋದೆವು. ಒಣನೆಲದಲ್ಲೂ ಬೆಳೆಯುವ ದ್ವಿದಳ ಮೇವಿನ ಗಿಡವಾದ ಸ್ಟೈಲೋದ ಬೀಜವಿದೆಯೇ ಎಂದು ನಾನು ಕೇಳಿದೆ. ಪಟ್ಟಿಯಲ್ಲಿ ಇಲ್ಲ ಎಂದರು. ಮತ್ತೆ ಮತ್ತೆ ಕೊಯ್ಯಬಹುದಾದ ಇನ್ನೊಂದು ದ್ವಿದಳ ಮೇವು ಬೇಲಿ ಮೆಂತೆ ಇದೆಯೇ ಎಂದೆ, ಅದೂ ಇಲ್ಲ. ಕೊಟ್ಟಿದ್ದು ಎತ್ತರಕ್ಕೆ ಬೆಳೆಯುವ ಮೇವಿನ ಮೆಕ್ಕೆಜೋಳ ಮತ್ತು ಬಹುಕಟಾವಿನ ಜೋಳ. ಎರಡೂ ನೀರು ಕಟ್ಟಿ, ಗೊಬ್ಬರ ಹಾಕಿ, ಹಸುವಿಗೆ ಕತ್ತರಿಸಿ ಹಾಕುವ ಬೆಳೆಗಳು. ನಮ್ಮ ಮುಂಗಾರು ಬಿತ್ತನೆ ಮುಗಿದು ಎರಡು ತಿಂಗಳಾಗಿತ್ತು. ಚೀಲದ ಮೇಲಿನ ಬರಹ ಇಂಗ್ಲಿಷ್ ಮತ್ತು ಹಿಂದಿಯಲ್ಲಿತ್ತು. ಯಾವಾಗ ಕತ್ತರಿಸಬೇಕು, ಯಾವಾಗ ಮೇಯಿಸಬಾರದು ಎಂಬ ಒಂದು ಸಾಲು ಕನ್ನಡ ಆ ಚೀಲದ ಮೇಲಿರಲಿಲ್ಲ. ಬಂದ ಬೀಜವನ್ನು ಬಿಡುವುದು ಬೇಡ ಎಂದು ಕೊಳವೆಬಾವಿಯ ಪಕ್ಕದ ಅರ್ಧ ಎಕರೆಯಲ್ಲಿ ಜೋಳ ಬಿತ್ತಿದೆವು.

ಮೊದಲ ಕಟಾವು ಚೆನ್ನಾಗಿಯೇ ಬಂತು. ನವೆಂಬರಿನಲ್ಲಿ ಮೋಟಾರು ಸುಟ್ಟಿತು, ನೀರು ನಿಂತಿತು, ಕಟಾವಾದ ಮೇಲೆ ಉಳಿದ ಕೂಳೆ ಬಾಡಿತು. ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತದ ಮಳೆ ನಮ್ಮ ಕಡೆಯೂ ಬಿತ್ತಲ್ಲ, ಆ ಮಳೆಗೆ ಬಾಡಿದ ಕೂಳೆ ಒಮ್ಮೆಲೇ ಚಿಗುರಿತು. ಗೇಣುದ್ದದ ಎಳೆ ಹಸಿರು. ಒಂದು ಬೆಳಗ್ಗೆ ತಡಿಕೆ ಸರಿಸಿಕೊಂಡು ಒಂಬತ್ತು ಕುರಿಗಳು ಅಲ್ಲಿಗೆ ನುಗ್ಗಿದವು. ನಾನು ನೋಡಿ ಓಡುವಷ್ಟರಲ್ಲಿ ಎರಡು ನೆಲಕ್ಕೆ ಬಿದ್ದಿದ್ದವು. ಉಸಿರು ಕಟ್ಟಿ, ಬಾಯಲ್ಲಿ ನೊರೆ. ಹೋಬಳಿಯ ಪಶು ವೈದ್ಯರಿಗೆ ಫೋನ್ ಮಾಡಿದೆವು. ಅವರೊಬ್ಬರ ತಲೆಯ ಮೇಲೆ ಮೂರು ಆಸ್ಪತ್ರೆಗಳ ಹೊರೆಯಿತ್ತು, ಆ ಹೊತ್ತಿಗೆ ಇಪ್ಪತ್ತು ಕಿಲೋಮೀಟರ್ ಆಚೆ ಇದ್ದರು. ಅವರು ಬಂದು ಸೂಜಿಮದ್ದು ಕೊಟ್ಟು ನಾಲ್ಕನ್ನು ಉಳಿಸಿದರು. ಐದು ಸತ್ತಿದ್ದವು. ಅವುಗಳಲ್ಲಿ ಮೂರು ತುಂಬು ಗಬ್ಬದವು. ಇನ್ನು ಹದಿನೈದು ದಿನಕ್ಕೆ ಈಯಬೇಕಾದವು.

ಆ ವೈದ್ಯರು ಅಂದು ಸಂಜೆ ನಮ್ಮ ಜಗಲಿಯ ಮೇಲೆ ಕುಳಿತು ವಿವರಿಸಿದರು: ನೀರಿಲ್ಲದೆ ಸೊರಗಿ ಮತ್ತೆ ಚಿಗುರುವ ಎಳೆಯ ಜೋಳದಲ್ಲಿ ಸಯನೈಡ್ ವಿಷವಾಗುವ ಅಂಶ ಹೆಚ್ಚಿರುತ್ತದೆ, ಜೋಳ ಹೂವಾಡುವ ತನಕ, ಕಡಿಮೆಯೆಂದರೆ ಐವತ್ತು ದಿನ ಕಳೆಯುವ ತನಕ, ಮೇಯಿಸಬಾರದು, ಕೂಳೆಯ ಚಿಗುರಿನಲ್ಲಿ ಅಪಾಯ ಇನ್ನೂ ಹೆಚ್ಚು. ಎಳೆ ಜೋಳಕ್ಕೆ ದನ ಬಿಡಬಾರದು ಎಂದು ನಮ್ಮ ಹಿರಿಯರೂ ಹೇಳುತ್ತಿದ್ದರು. ಆದರೆ ಸರ್ಕಾರ ಕೊಟ್ಟ ಮೇವಿನ ಜೋಳ ಎಂದಮೇಲೆ ಅದು ಬೇರೆ ಜಾತಿ, ಮೇವಿಗೆಂದೇ ಮಾಡಿದ್ದು, ಆ ಭಯವಿಲ್ಲ ಎಂದುಕೊಂಡಿದ್ದೆ. ತಡಿಕೆ ಭದ್ರ ಮಾಡದಿದ್ದುದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಚೀಲದ ಮೇಲೆ ಎರಡು ಸಾಲು ಕನ್ನಡವಿದ್ದಿದ್ದರೆ ಆ ಮೂಲೆಗೆ ಜೋಳವನ್ನೇ ಬಿತ್ತುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಸತ್ತ ಕುರಿಗೆ ಪರಿಹಾರ ಕೊಡುವ ಅನುಗ್ರಹ ಯೋಜನೆ ನಮ್ಮ ರಾಜ್ಯದಲ್ಲಿದೆ. ಅದರ ಬೆಲೆ ನಮಗೆ ಗೊತ್ತು, ಆ ಬಗ್ಗೆ ಕೃತಜ್ಞತೆಯೂ ಇದೆ. ನಾನು ಕೇಳುತ್ತಿರುವುದು ಅದಕ್ಕಿಂತ ಮೊದಲಿನ ಹಂತದ ನೆರವನ್ನು.

ಮಾನ್ಯರೇ, ಮೇವು ಎಂದ ಕೂಡಲೇ ನಮ್ಮ ಯೋಜನೆಗಳ ಕಣ್ಣ ಮುಂದೆ ಹಸು ಬಂದು ನಿಲ್ಲುತ್ತದೆ. ಡೇರಿಗೆ ಹಾಲು ಹೋಗುತ್ತದೆ, ಹಾಲಿಗೆ ಲೆಕ್ಕವಿದೆ, ಸಂಘವಿದೆ, ಹಾಗಾಗಿ ಬೀಜವೂ ಯಂತ್ರವೂ ಆ ದಾರಿಯಲ್ಲಿ ಹರಿಯುತ್ತವೆ. ಹಸು ಸಾಕುವವರ ಮೇಲೆ ನನಗೆ ಅಸಮಾಧಾನವಿಲ್ಲ, ನಮ್ಮ ತವರಿನಲ್ಲಿ ಮೂರು ಹಸುಗಳಿವೆ. ಆದರೆ 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಕುರಿಗಳ ಸಂಖ್ಯೆ 1 ಕೋಟಿ 10 ಲಕ್ಷದಷ್ಟಿದೆ; ತೆಲಂಗಾಣ ಮತ್ತು ಆಂಧ್ರ ಬಿಟ್ಟರೆ ದೇಶದಲ್ಲಿ ನಮ್ಮದೇ ಹೆಚ್ಚು. ಬಳ್ಳಾರಿ, ಡೆಕ್ಕನಿ, ಕೆಂಗುರಿ, ಬಂಡೂರು ಎಂದು ತಳಿಗಳ ಹೆಸರು ಹೇಳಿ ಹೆಮ್ಮೆಪಡುತ್ತೇವೆ. ಇಷ್ಟು ಪ್ರಾಣಿಗಳಿಗಾಗಿ ಬಿತ್ತುವ ಮೇವು ಯಾವುದು ಎಂದು ಕೇಳಿದರೆ ಉತ್ತರ ಕಡಿಮೆ. ಕುರಿ ಎಲ್ಲೋ ಮೇಯ್ದುಕೊಂಡು ಬರುತ್ತದೆ ಎಂಬ ಭಾವನೆ ನಮ್ಮಲ್ಲೂ ಇದೆ, ನಿಮ್ಮಲ್ಲೂ ಇದೆ.

ಕುರಿ ಚಿಕ್ಕ ಹಸುವಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ; ಆ ಮಾತು ಆಡಿಗೆ ಸಲ್ಲುತ್ತದೆ, ಕುರಿಗೆ ಸಲ್ಲುವುದಿಲ್ಲ. ಕುರಿ ತಲೆ ತಗ್ಗಿಸಿ ನೆಲ ಹಿಡಿದು ಮೇಯುತ್ತದೆ. ಅದರ ಮೇಲ್ದುಟಿ ಸೀಳಿದೆ, ಬಾಯಿ ಸಣ್ಣದು; ಗರಿಕೆಯ ತುದಿ, ಬಳ್ಳಿಯ ಎಲೆ, ಉದುರಿದ ಕಾಯಿ, ಹೀಗೆ ಆಯ್ದು ಆಯ್ದು ತಿನ್ನುತ್ತದೆ. ಎರಡಾಳು ಎತ್ತರದ ನೇಪಿಯರ್ ಹುಲ್ಲನ್ನು ಅದರ ಮುಂದೆ ಹಾಕಿ ನೋಡಿ: ಎಲೆ ತಿಂದು ದಂಟು ಬಿಡುತ್ತದೆ. ನಲವತ್ತೈದು ದಿನ ದಾಟಿ ಬಲಿತರಂತೂ ಅರ್ಧಕ್ಕರ್ಧ ಗೊಬ್ಬರದ ಗುಂಡಿಗೆ. ಸಣ್ಣಗೆ ಕತ್ತರಿಸಿದರೆ ತಿನ್ನುತ್ತದೆ, ಅದಕ್ಕೆ ಯಂತ್ರ ಬೇಕು, ಯಂತ್ರಕ್ಕೆ ಕರೆಂಟು ಬೇಕು, ಹುಲ್ಲಿಗೆ ವಾರಕ್ಕೊಮ್ಮೆ ನೀರು ಬೇಕು. ನೀರಿದ್ದವರು ನಮ್ಮ ಕಡೆ ಅಡಿಕೆ ಹಾಕುತ್ತಿದ್ದಾರೆ, ಮೇವು ಹಾಕುವುದಿಲ್ಲ.

ಇನ್ನೊಂದು ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ. ಕುರಿಯ ಮೇವಿನ ಬಗ್ಗೆ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದು. ಮೂವತ್ತು ಕಿಲೋ ತೂಕದ ಒಂದು ಕುರಿಗೆ ದಿನಕ್ಕೆ ಒಂದು ಕಿಲೋಗಿಂತ ತುಸು ಹೆಚ್ಚು ಒಣತೂಕದ ಆಹಾರ ಬೇಕು. ಹಸಿಮೇವಿನಲ್ಲಿ ಮುಕ್ಕಾಲು ಪಾಲಿಗೂ ಮೀರಿ ನೀರೇ ಇರುವುದರಿಂದ ಹಸಿಯ ಲೆಕ್ಕದಲ್ಲಿ ಕಡಿಮೆಯೆಂದರೂ ನಾಲ್ಕು ಕಿಲೋ. ಐವತ್ತು ಕುರಿಗೆ ದಿನಕ್ಕೆ ಎರಡು ಕ್ವಿಂಟಲ್. ಈ ಲೆಕ್ಕ ಹಿಡಿದರೆ ನಮ್ಮಂಥವರು ಮೇವು ಬೆಳೆಯುವ ಮಾತೇ ಆಡುವಂತಿಲ್ಲ, ನಾಲ್ಕು ಎಕರೆಯನ್ನೂ ಹುಲ್ಲಿಗೆ ಬಿಡಬೇಕು. ತರಬೇತಿಗಳಲ್ಲಿ ನಮಗೆ ಹೇಳುವುದು ಈ ಲೆಕ್ಕವನ್ನೇ. ಕೇಳಿದ ಮೇಲೆ ಎದ್ದು ಮನೆಗೆ ಬರುತ್ತೇವೆ.

ನಿಜವಾದ ಅಗತ್ಯ ಹಾಗಿಲ್ಲ. ಮುಂಗಾರಿನಿಂದ ಕಾರ್ತಿಕದವರೆಗೆ ಕುರಿಗೆ ನೆಲವೇ ಊಟ ಕೊಡುತ್ತದೆ. ಸುಗ್ಗಿಯಲ್ಲಿ ಶೇಂಗಾ ಹೊಟ್ಟು, ಹುರುಳಿ ಹೊಟ್ಟು, ತೊಗರಿ ಹೊಟ್ಟು ಸಿಗುತ್ತವೆ. ಆಷಾಢ, ಶ್ರಾವಣದಲ್ಲಿ ಗಬ್ಬ ಕಟ್ಟಿದ ಕುರಿ ಐದು ತಿಂಗಳಿಗೆ, ಮಾರ್ಗಶಿರ ಪುಷ್ಯದ ಚಳಿಯಲ್ಲಿ ಈಯುತ್ತದೆ. ಹೊಟ್ಟೆಯೊಳಗಿನ ಮರಿ ಬಹುಪಾಲು ಬೆಳೆಯುವುದು ಕೊನೆಯ ಒಂದೂವರೆ ತಿಂಗಳಿನಲ್ಲಿ. ಆ ಒಂದೂವರೆ ತಿಂಗಳು, ಆಮೇಲೆ ಮರಿ ಹಾಲು ಕುಡಿಯುವ ಎರಡೂವರೆ ತಿಂಗಳು; ಒಟ್ಟು ನಾಲ್ಕು ತಿಂಗಳು ತಾಯಿಗೆ ದಿನಕ್ಕೆ ಅರ್ಧ, ಮುಕ್ಕಾಲು ಕಿಲೋ ಒಳ್ಳೆಯ ದ್ವಿದಳ ಮೇವು ಸಿಕ್ಕರೆ ಸಾಕು, ಉಳಿದದ್ದನ್ನು ಒಣ ಹೊಟ್ಟು, ಬಯಲಿನ ಒಣಹುಲ್ಲು ನಡೆಸುತ್ತವೆ. ಇಪ್ಪತ್ತು ತಾಯಿಕುರಿಗೆ ದಿನಕ್ಕೆ ಹದಿನೈದು ಕಿಲೋ. ನೂರಿಪ್ಪತ್ತು ದಿನಕ್ಕೆ ಎರಡು ಟನ್ನಿಗೂ ಕಡಿಮೆ. ಇಷ್ಟು ಮೇವನ್ನು ಹತ್ತು ಗುಂಟೆಯಲ್ಲಿ ಬೆಳೆಯಬಹುದು. ನಾನು ಬೆಳೆದಿದ್ದೇನೆ.

2022ರ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಹುಟ್ಟಿದ ಮೂವತ್ತೊಂದು ಮರಿಗಳಲ್ಲಿ ಹನ್ನೊಂದು ಸತ್ತವು. ರೋಗದಿಂದಲ್ಲ. ತಾಯಿಯ ಕೆಚ್ಚಲಲ್ಲಿ ಹಾಲಿರಲಿಲ್ಲ. ಮರಿ ಕೆಚ್ಚಲಿಗೆ ಗುದ್ದಿ ಗುದ್ದಿ ಸುಸ್ತಾಗಿ ಗೋಡೆಗೆ ಒರಗಿ ನಿಲ್ಲುತ್ತಿತ್ತು. ನನ್ನ ಚಿಕ್ಕ ಮಗಳು ಲೋಟದಲ್ಲಿ ಹಸುವಿನ ಹಾಲು ಹಿಡಿದುಕೊಂಡು ರೊಪ್ಪದ ತುಂಬ ಓಡಾಡುತ್ತಿದ್ದಳು. ಅದೇ ವರ್ಷದ ಮುಂಗಾರಿಗೆ, ಧಾರವಾಡದ ಕಡೆಯಿಂದ ನೆಂಟರೊಬ್ಬರು ತಂದುಕೊಟ್ಟ ಎರಡು ಕಿಲೋ ಸ್ಟೈಲೋ ಬೀಜವನ್ನು ಬದುಗಳ ಮೇಲೂ ಕಲ್ಲು ನೆಲದ ಮುಕ್ಕಾಲು ಎಕರೆಯಲ್ಲೂ ಎರಚಿದೆ. ಕೊಳವೆಬಾವಿಯ ಹತ್ತಿರ ಹತ್ತು ಗುಂಟೆಯಲ್ಲಿ ಬೇಲಿ ಮೆಂತೆ ಹಾಕಿದೆ. ಬದುವಿನ ಉದ್ದಕ್ಕೂ ಅಗಸೆ, ನುಗ್ಗೆ ಮರಗಳನ್ನು ನೆಟ್ಟೆ.

ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಕುದಿ ಬಂದ ನೀರನ್ನು ಇಳಿಸಿ, ಸ್ವಲ್ಪ ಆರಿಸಿ, ಬಟ್ಟೆಯಲ್ಲಿ ಕಟ್ಟಿದ ಬೀಜವನ್ನು ನಾಲ್ಕು ನಿಮಿಷ ಅದ್ದಿ ತೆಗೆದು ತಣ್ಣೀರಿನಲ್ಲಿ ನೆನೆಸಬೇಕು, ಇಲ್ಲದಿದ್ದರೆ ಮೊಳೆಯುವುದಿಲ್ಲ. ಮೊದಲ ವರ್ಷ ಅದು ಬೆಳೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಅಷ್ಟು ನಿಧಾನ. ಕಳೆಯ ನಡುವೆ ಹುಡುಕಿ ನೋಡಬೇಕು. ಆ ವರ್ಷ ಅಲ್ಲಿಗೆ ಕುರಿ ಬಿಡಲೇಬಾರದು. ಹೊಲ ಹಾಳು ಬಿಟ್ಟಿದ್ದಾಳೆ ಎಂದು ಊರಿನಲ್ಲಿ ಮಾತಾಯಿತು. ಎರಡನೇ ವರ್ಷ ಬಂದದ್ದು ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದ್ದು ನಿಮಗೆ ನೆನಪಿರುತ್ತದೆ. ಆ ವರ್ಷ ನಮ್ಮ ರಾಗಿ ಒಣಗಿತು, ಶೇಂಗಾ ಕಾಯಿ ಕಟ್ಟಲಿಲ್ಲ. ಸ್ಟೈಲೋ ಮಾತ್ರ ಮೊಳಕಾಲುದ್ದ ನಿಂತಿತ್ತು. ಹಳದಿ ಹೂ ಬಿಟ್ಟಾಗ ಕೊಯ್ದು ನೆರಳಿನಲ್ಲಿ ಒಣಗಿಸಿ ಅಟ್ಟಕ್ಕೆ ಹಾಕಿದೆ. ಬೇರಿನ ಆಳ ಎಷ್ಟೆಂದು ಆಗ ತಿಳಿಯಿತು.

2025ರ ಆರಂಭದಲ್ಲಿ ಹುಟ್ಟಿದ್ದು ಮೂವತ್ತನಾಲ್ಕು ಮರಿ. ಸತ್ತದ್ದು ಮೂರು. ಎಲ್ಲವೂ ಮೇವಿನಿಂದಲೇ ಆಯಿತು ಎಂದು ಹೇಳುವುದಿಲ್ಲ. ಆ ವರ್ಷ ಮಳೆಗೆ ಮೊದಲೇ ಕರುಳುಬೇನೆಯ ಲಸಿಕೆಯನ್ನೂ ಹಾಕಿಸಿದ್ದೆವು, ಜಂತಿನ ಔಷಧಿಯನ್ನೂ ಕುಡಿಸಿದ್ದೆವು. ಆದರೆ ಕೆಚ್ಚಲು ತುಂಬಿದ್ದನ್ನು ಕೈಯಿಂದ ಮುಟ್ಟಿ ನೋಡಿದ್ದೇನೆ.

ಸ್ಟೈಲೋ, ಅಂಜನ ಹುಲ್ಲು, ಬೇಲಿ ಮೆಂತೆ ನನ್ನ ಶೋಧನೆಗಳಲ್ಲ. ಹುಲ್ಲುಗಾವಲು ಮತ್ತು ಮೇವು ಸಂಶೋಧನೆಗೆಂದೇ 1962ರಲ್ಲಿ ಝಾನ್ಸಿಯಲ್ಲಿ ರಾಷ್ಟ್ರೀಯ ಸಂಸ್ಥೆ ಆರಂಭವಾಗಿದೆ. ಅದರ ದಕ್ಷಿಣದ ಕೇಂದ್ರ ನಮ್ಮ ಧಾರವಾಡದಲ್ಲಿಯೇ ಇದೆ. ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರದಲ್ಲಿಯೂ ಮೇವಿನ ಬೆಳೆಗಳ ಮೇಲೆ ಕೆಲಸ ನಡೆಯುತ್ತದೆ. ಒಣಭೂಮಿಗೆ ಯಾವುದು ಹೊಂದುತ್ತದೆ ಎಂಬ ತಿಳಿವಳಿಕೆ ರಾಜ್ಯದೊಳಗೇ ಇದೆ. ಆ ತಿಳಿವಳಿಕೆ ಬೀಜವಾಗಿ ನಮ್ಮ ಹೋಬಳಿಯ ಗೋದಾಮಿಗೆ ಬಂದು ಇಳಿಯುತ್ತಿಲ್ಲ. ದೇಶದ ಸಾಗುವಳಿ ನೆಲದಲ್ಲಿ ಮೇವಿಗೆ ಸಿಗುವುದು ಶೇಕಡಾ ನಾಲ್ಕರ ಆಸುಪಾಸು ಎನ್ನುತ್ತಾರೆ. ಅದರಲ್ಲಿ ಕುರಿಗೆಂದು ಬಿತ್ತಿದ್ದು ಎಷ್ಟಿದ್ದೀತು, ನೀವೇ ಯೋಚಿಸಿ.

ಕುರಿ ಸಾಕಣೆಗೆ ಪ್ರೋತ್ಸಾಹವಿಲ್ಲ ಎಂದು ನಾನು ಹೇಳುತ್ತಿಲ್ಲ. ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ 500 ಹೆಣ್ಣು ಕುರಿ, 25 ಟಗರುಗಳ ಘಟಕಕ್ಕೆ ಶೇಕಡಾ 50ರಂತೆ 50 ಲಕ್ಷ ರೂಪಾಯಿವರೆಗೆ ಸಹಾಯಧನವಿದೆ. ಅನಂತರ ಚಿಕ್ಕ ಘಟಕಗಳಿಗೂ ಅವಕಾಶವಾಗಿದೆ. ಕಟ್ಟಿಹಾಕಿ ಮೇಯಿಸುವ ದೊಡ್ಡ ಘಟಕಕ್ಕೆ ಮೇಲಿನ ಲೆಕ್ಕದಲ್ಲಿ ದಿನಕ್ಕೆ ಇಪ್ಪತ್ತೊಂದು ಕ್ವಿಂಟಲ್ ಹಸಿಮೇವು ಬೇಕು. ನಮ್ಮ ಪಕ್ಕದೂರಿನಲ್ಲಿ ವಿದ್ಯಾವಂತ ಹುಡುಗನೊಬ್ಬ ಸಾಲ ಮಾಡಿ ಎತ್ತರದ ಅಟ್ಟಣೆಯ ಶೆಡ್ಡು ಕಟ್ಟಿ ಕುರಿ ತಂದ. ಶೆಡ್ಡು ಮೊದಲು ಬಂತು, ಕುರಿ ಆಮೇಲೆ ಬಂತು, ಮೇವು ಬರಲೇ ಇಲ್ಲ. ಒಂದೂವರೆ ವರ್ಷದಲ್ಲಿ ಸಂತೆಗೆ ಹೊಡೆದ. ಆ ಶೆಡ್ಡಿನಲ್ಲಿ ಈಗ ಮೆಕ್ಕೆಜೋಳದ ಚೀಲಗಳಿವೆ. ಮೇವಿನ ಬೆಳೆ ಒಂದು ಮಳೆಗಾಲ ನಿಂತ ಮೇಲೆ ಕುರಿಗೆ ಹಣ ಬಿಡುಗಡೆ ಮಾಡುವ ಕ್ರಮವಿದ್ದಿದ್ದರೆ ಅವನು ಉಳಿಯುತ್ತಿದ್ದ.

ಇನ್ನು ನೆಲದ ಮಾತು. ಇದನ್ನು ಬರೆಯುವಾಗ ನನ್ನ ಕೈ ಬಿಗಿಯಾಗುತ್ತದೆ. ನನ್ನ ಅತ್ತೆ ಈ ಹಟ್ಟಿಗೆ ಸೊಸೆಯಾಗಿ ಬಂದಾಗ ಊರ ಬಾಗಿಲಿನಿಂದ ಗುಡ್ಡದ ಬುಡದವರೆಗೆ ಗೋಮಾಳ. ಇಂದು ಅದರಲ್ಲಿ ಒಂದಷ್ಟು ನೀಲಗಿರಿ, ಒಂದಷ್ಟು ಕಲ್ಲಿನ ಕ್ವಾರಿ, ಒಂದಷ್ಟು ಬಗರ್‌ಹುಕುಂ, ಒಂದಷ್ಟು ನಿವೇಶನ. ಉಳಿದ ಇಪ್ಪತ್ತಮೂರು ಎಕರೆಯಲ್ಲಿ ಬಳ್ಳಾರಿ ಜಾಲಿ ಹಬ್ಬಿಕೊಂಡು ಕುರಿ ನುಗ್ಗಲಾರದಂತಾಗಿದೆ. ಕಾಯಿ ಉದುರುವ ಎರಡು ತಿಂಗಳು ಬಿಟ್ಟರೆ ಅದರಿಂದ ನಮಗೆ ಮುಳ್ಳು ಮಾತ್ರ. ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ನೂರು ಜಾನುವಾರಿಗೆ ಹನ್ನೆರಡು ಹೆಕ್ಟೇರ್‌ನಂತೆ ಉಚಿತ ಹುಲ್ಲುಗಾವಲು ಮೀಸಲಿಡಬೇಕು ಎಂದಿದೆ. ನಮ್ಮ ಊರಿನಲ್ಲಿ ಆ ಲೆಕ್ಕವನ್ನು ಕೊನೆಯ ಬಾರಿ ಯಾವಾಗ ಮಾಡಿದರು ಎಂದು ಕೇಳಿದರೆ ಹೇಳುವವರಿಲ್ಲ. ಚಳ್ಳಕೆರೆ ಸೀಮೆಯಲ್ಲಿ ಅಮೃತಮಹಲ್ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲುಗಳ, ಅಂದರೆ ಕಾವಲುಗಳ, ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋದಾಗ ಅಲ್ಲಿನ ಜನ ಹಸಿರು ನ್ಯಾಯಮಂಡಳಿಯ ತನಕ ಹೋದರು. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿತು. ದೇಶಕ್ಕೆ ವಿಜ್ಞಾನ ಬೇಕು, ಕರೆಂಟೂ ಬೇಕು. ಅಲ್ಲಿ ಮೇಯುತ್ತಿದ್ದ ಮಂದೆಗಳು ಎಲ್ಲಿಗೆ ಹೋಗಬೇಕು ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಬೇಕಿತ್ತು.

ಖಾಸಗಿ ಹೊಲಗಳೂ ಮೊದಲಿನಂತಿಲ್ಲ. ರಾಗಿ, ಜೋಳ, ಹುರುಳಿ, ಸಾಮೆ, ನವಣೆ ಇದ್ದ ಕಡೆ ಮೆಕ್ಕೆಜೋಳ, ಹತ್ತಿ ಬಂದಿವೆ. ಕಳೆನಾಶಕ ಹೊಡೆದ ಬದುವಿನಲ್ಲಿ ಗರಿಕೆಯೂ ಹುಟ್ಟುವುದಿಲ್ಲ, ಹುಟ್ಟಿದ್ದನ್ನು ಮೇಯಿಸಲು ಧೈರ್ಯವೂ ಬರುವುದಿಲ್ಲ. ಹೊಲದಲ್ಲಿ ಮಂದೆ ತರುಬಿಸಿ ದವಸ ಕೊಡುತ್ತಿದ್ದ ರೈತರೇ ಈಗ ಮಂದೆ ಕಂಡರೆ ಕೋಲು ಹಿಡಿಯುತ್ತಾರೆ. ಅವರ ಸಂಕಟವೂ ಅರ್ಥವಾಗುತ್ತದೆ.

2024ರ ಬೇಸಿಗೆಯಲ್ಲಿ, ಬರದ ಕೊನೆಯ ತಿಂಗಳುಗಳಲ್ಲಿ, ನಮ್ಮ ಹೋಬಳಿಯಲ್ಲಿ ಮೇವು ಬ್ಯಾಂಕ್ ತೆರೆದರು. ನಾನು ಸಾಲಿನಲ್ಲಿ ನಿಂತೆ. ದನ ಎಷ್ಟು ಎಂದು ಕೇಳಿದರು. ದನವಿಲ್ಲ, ಕುರಿ ನಲವತ್ತಿವೆ ಎಂದೆ. ಕುರಿಗೆ ಇಲ್ಲ ಎಂದರು. ಹಿಂದೆ ನಿಂತಿದ್ದ ವಿಧವೆಯೊಬ್ಬರ ಬಳಿ ಇದ್ದದ್ದು ಆರು ಕುರಿ. ಅವರೂ ಬರಿಗೈಯಲ್ಲಿ ಹಿಂದಿರುಗಿದರು. ಅಲ್ಲಿ ರಾಶಿ ಹಾಕಿದ್ದು ಭತ್ತದ ಹುಲ್ಲು, ಕುರಿ ಅದನ್ನು ಇಷ್ಟಪಟ್ಟು ತಿನ್ನುವುದೂ ಇಲ್ಲ. ಆದರೆ ಬರದಲ್ಲಿ ಕುರಿಯ ಹಸಿವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂಬುದು ಮನಸ್ಸಿಗೆ ನಾಟಿದೆ.

ಈಗ ನಮ್ಮ ಬೇಡಿಕೆಗಳಿಗೆ ಬರುತ್ತೇನೆ. ದೊಡ್ಡ ಹಣದ ಮಾತು ಇದರಲ್ಲಿಲ್ಲ.

ಮೇವಿನ ಬೀಜ ಮೇ ತಿಂಗಳ ಎರಡನೇ ವಾರದೊಳಗೆ, ಕೃತ್ತಿಕೆ ಮಳೆಯ ಹೊತ್ತಿಗೆ, ಹೋಬಳಿಗೆ ತಲುಪಬೇಕು. ಅದಕ್ಕಾಗಿ ಬೇಡಿಕೆಯ ಪಟ್ಟಿಯನ್ನು ಈಗಲೇ ಹಟ್ಟಿಗಳಲ್ಲಿ ಕೂತು ಬರೆಯಿರಿ. ಮಳೆಯಾಶ್ರಿತ ನೆಲಕ್ಕೆ ಸ್ಟೈಲೋ, ಅಂಜನ ಹುಲ್ಲು, ಮೇವಿನ ಅಲಸಂದೆ, ಹುರುಳಿ. ತುಸು ನೀರಿದ್ದವರಿಗೆ ಬೇಲಿ ಮೆಂತೆ, ಕುದುರೆ ಮೆಂತ್ಯ. ಬದುವಿಗೆ ಅಗಸೆ, ನುಗ್ಗೆ ಸಸಿ. ಐದು ಕಿಲೋ ಒಂದೇ ಬೀಜಕ್ಕಿಂತ ಕಾಲು ಕಿಲೋ, ಅರ್ಧ ಕಿಲೋಗಳ ನಾಲ್ಕು ಪೊಟ್ಟಣ ನಮಗೆ ಹೆಚ್ಚು ಉಪಯೋಗ. ಪ್ರತಿ ಪೊಟ್ಟಣದ ಮೇಲೆ ಕನ್ನಡದಲ್ಲಿ ಬಿತ್ತುವ ಕ್ರಮ, ಕೊಯ್ಯುವ ದಿನ, ಅಪಾಯ ಇವು ಮೂರೂ ಇರಲಿ. ಎಳೆ ಜೋಳದ ವಿಷ, ಹಸಿದ ಹೊಟ್ಟೆಗೆ ಇಬ್ಬನಿಯ ಕುದುರೆ ಮೆಂತ್ಯ ತಿಂದರೆ ಹೊಟ್ಟೆಯುಬ್ಬರ, ಸುಬಾಬುಲ್ ಮರದ ಸೊಪ್ಪನ್ನೇ ಹೊಟ್ಟೆತುಂಬ ತಿನ್ನಿಸಿದರೆ ಉಣ್ಣೆ ಉದುರುವುದು, ಇವನ್ನು ದಪ್ಪಕ್ಷರದಲ್ಲಿ ಹಾಕಿಸಿ. ಓದು ಬಾರದವರಿಗೆ ಚಿತ್ರ ಹಾಕಿಸಿ.

ಪಹಣಿ ತೋರಿಸಿದರೆ ಮಾತ್ರ ಬೀಜ ಎಂಬ ನಿಯಮವನ್ನು ದಯವಿಟ್ಟು ಸಡಿಲಿಸಿ. ನಮ್ಮ ಹೊಲದ ಪಹಣಿ ಇಂದಿಗೂ ತೀರಿಕೊಂಡ ಮಾವನವರ ಹೆಸರಿನಲ್ಲಿದೆ, ಪೌತಿ ಖಾತೆಯಾಗಿಲ್ಲ. ಹಾಗಾಗಿ ನನಗೆ ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆಯೂ ಇಲ್ಲ. 2024ರಲ್ಲಿ ನಾನು ಬೀಜ ಪಡೆದದ್ದು ಮೈದುನನ ಹೆಸರಿನಲ್ಲಿ. ನಮ್ಮ ಹಟ್ಟಿಯ ಮೂರನೇ ಒಂದು ಪಾಲು ಮನೆಗಳಿಗೆ ಹೊಲವೇ ಇಲ್ಲ, ಕುರಿ ಮಾತ್ರ ಇದೆ. ಕುರಿ ಇದೆ ಎಂಬುದಕ್ಕೆ ಲಸಿಕೆ ಹಾಕುವವರ ದಾಖಲೆ ಸಾಕಾಗಬೇಕು.

ಹೊಲವಿಲ್ಲದವರು ಎಲ್ಲಿ ಬಿತ್ತುತ್ತಾರೆ ಎಂದು ಕೇಳಬಹುದು. ಅದಕ್ಕೇ ಗೋಮಾಳ. ಅದು ಕಂದಾಯ ಇಲಾಖೆಯದು ಎಂದು ನನಗೆ ಗೊತ್ತು. ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು ಜಿಲ್ಲಾಧಿಕಾರಿಗಳೊಂದಿಗೆ ಕೂತು ಮಾತನಾಡಬೇಕೆಂದು ಕೋರುತ್ತೇನೆ. ನಮ್ಮ ಊರಿನ ಇಪ್ಪತ್ತಮೂರು ಎಕರೆಯನ್ನು ಅಳೆದು ಗಡಿ ಕಲ್ಲು ಹಾಕಿಸಿ. ಉದ್ಯೋಗ ಖಾತ್ರಿಯ ಕೂಲಿಯಲ್ಲಿ ಬಳ್ಳಾರಿ ಜಾಲಿ ಬೇರುಸಹಿತ ಕೀಳಿಸಿ, ಸಮಪಾತಳಿಯ ಕಂದಕ ತೆಗೆಸಿ, ಅಂಜನ ಹುಲ್ಲು ಮತ್ತು ಸ್ಟೈಲೋ ಬಿತ್ತಿಸಿ. ಇಡೀ ಗೋಮಾಳವನ್ನು ಒಮ್ಮೆಗೇ ಮುಚ್ಚಬೇಡಿ. ವರ್ಷಕ್ಕೆ ಏಳೆಂಟು ಎಕರೆ ಕಾವಲಿಟ್ಟು, ಉಳಿದದ್ದನ್ನು ಮೇಯಲು ಬಿಟ್ಟು, ಮೂರು ವರ್ಷಕ್ಕೆ ಸುತ್ತು ಮುಗಿಸಬಹುದು. ಕಾವಲು ಕಾಯುವ ಕೆಲಸ ಹಟ್ಟಿಯ ಹೆಂಗಸರ ಸಂಘದ್ದು. ಅಲ್ಲಿ ಮತ್ತೆ ನೀಲಗಿರಿ, ಅಕೇಶಿಯಾ ನೆಡುವುದಿಲ್ಲ ಎಂಬ ಮಾತನ್ನು ಬರಹದಲ್ಲಿ ಕೊಡಿ.

ಬರಗಾಲದ ಮೇವು ಬ್ಯಾಂಕಿನ ಪಟ್ಟಿಯಲ್ಲಿ ಕುರಿ ಎಂಬ ಕಾಲಂ ಸೇರಿಸಿ. ಮುಂಗಾರಿಗೆ ಮೊದಲು ಕರುಳುಬೇನೆಯ ಲಸಿಕೆ ಹಾಕಲು ಹಟ್ಟಿಗೆ ಬರುವ ದಿನವೇ ಮೇವಿನ ಬೀಜವನ್ನೂ ತಂದರೆ ನಮಗೆ ಒಂದು ದಿನದ ಕೂಲಿ ಉಳಿಯುತ್ತದೆ, ನಿಮಗೂ ಒಂದು ಓಡಾಟ ಕಡಿಮೆಯಾಗುತ್ತದೆ. ಮಳೆ ಬಿದ್ದ ಹೊಸದರಲ್ಲಿ ಎಳೆ ಹುಲ್ಲು ಅತಿಯಾಗಿ ಮೇಯ್ದ ಕುರಿಗೇ ಆ ರೋಗ ಹೆಚ್ಚು, ಆದ್ದರಿಂದ ಎರಡೂ ಒಟ್ಟಿಗೆ ಬರುವುದೇ ಸರಿ.

2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲುಗಳು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿದೆ ಎಂದು ಪತ್ರಿಕೆಯಲ್ಲಿ ಓದಿದೆ. ಜಿಲ್ಲಾ ಕೇಂದ್ರದಲ್ಲಿ ಕಾರ್ಯಕ್ರಮ ಮಾಡುವುದಿದ್ದರೆ ನಮ್ಮನ್ನು ಕರೆಯಿರಿ, ಬರುತ್ತೇವೆ. ಹಾರ ತುರಾಯಿ ಬೇಡ. ಅಂದು ನಮ್ಮ ಗೋಮಾಳದ ಅಳತೆಯ ಆದೇಶ ಕೊಡಿ.

ಶಿವರಾತ್ರಿ ಕಳೆದಿದೆ. ಬದುವಿನ ಸ್ಟೈಲೋ ಒಣಗಿ ಬೀಜ ಉದುರಿದೆ. ಹೋದ ವಾರ ನಾವು ನಾಲ್ವರು ಹೆಂಗಸರು ಪೊರಕೆಯಿಂದ ಗುಡಿಸಿ, ಮೊರದಲ್ಲಿ ಕೇರಿ ಏಳು ಕಿಲೋ ಬೀಜ ಮಾಡಿಟ್ಟಿದ್ದೇವೆ. ಹಟ್ಟಿಯ ಹನ್ನೊಂದು ಮನೆಗಳಿಗೆ ಬದುವಿಗೆ ಎರಚಲು ಅದು ಸಾಕು. ಗೋಮಾಳದ ಮೊದಲ ಎಂಟು ಎಕರೆಗೆ ಬೇಕಾದ ಬೀಜ ನಿಮ್ಮಿಂದ ಬರಬೇಕು. ಮೃಗಶಿರ ಮಳೆ ಜೂನ್ 7ರ ಸುಮಾರಿಗೆ ಹುಟ್ಟುತ್ತದೆ; ಅದಕ್ಕೆ ಮೊದಲು ಜಾಲಿ ಕಿತ್ತು ನೆಲ ಹದ ಮಾಡಲು ನಮಗೆ ನಲವತ್ತು ದಿನ ಬೇಕು. ಅಂದರೆ ನಿಮ್ಮ ಉತ್ತರ ಏಪ್ರಿಲ್ ಮೂರನೇ ವಾರದೊಳಗೆ ನಮ್ಮ ಕೈ ಸೇರಬೇಕು. ಅಷ್ಟರೊಳಗೆ ತಾವೇ ಒಮ್ಮೆ ಹಟ್ಟಿಗೆ ಬಂದು ಬೇಲಿ ಮೆಂತೆಯ ಹತ್ತು ಗುಂಟೆಯನ್ನು ಕಣ್ಣಾರೆ ನೋಡುವುದಾದರೆ, ಬೆಳಗ್ಗೆ ಏಳು ಗಂಟೆಗೆ ಬನ್ನಿ. ಕೊಯ್ದ ಮೇವನ್ನು ತಾಯಿಕುರಿಗಳ ಮುಂದೆ ಹಾಕುವ ಹೊತ್ತು ಅದು.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಹಟ್ಟಿಯ ಕುರಿ ಸಾಕುವ ಹೆಣ್ಣುಮಕ್ಕಳ ಪರವಾಗಿ,
ಒಬ್ಬ ಕುರಿಗಾಹಿ ಮಹಿಳೆ